ಎಳೆಯ ಎಣಿಕೆ, ಬಣ್ಣದ ಪಟ್ಟಿ



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ನಿಮ್ಮ ಮನೆಯಲ್ಲಿ ಅಜ್ಜಿಯ ಕಸೂತಿ ಸೀರೆ ಇದ್ದರೆ ಬಿಡಿಸಿ ನೋಡಿರಿ. ಅದರ ಮೇಲಿನ ಗೋಪುರ, ತೇರು, ಆನೆ ಅಂಬಾರಿಗಳನ್ನು ಮೊದಲು ಬಟ್ಟೆಯ ಮೇಲೆ ಬರೆದುಕೊಳ್ಳುವ ರೂಢಿಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ಹೊಲಿಗೆಗಳಲ್ಲಿ ಅವನ್ನು ಮೂಡಿಸುತ್ತಾರೆ. ಇಲ್ಲಿ ಎಣಿಕೆ ಬೇರೆ, ನೂಲಿನ ಬಣ್ಣ ಬೇರೆ. ಅದೇ ಎಣಿಕೆಗೆ ಕೆಂಪು ನೂಲು ಪೋಣಿಸಿದರೆ ಕೆಂಪು ತೇರು. ಹಳದಿ ಪೋಣಿಸಿದರೆ ಹಳದಿ ತೇರು.

ಗಣಕದ ಹಳೆಯ ಆಟಗಳ ಚಿತ್ರಗಳೂ ಇದೇ ತತ್ತ್ವದ ಮೇಲೆ ನಿಂತಿವೆ. ಆಟದಲ್ಲಿ ಓಡಾಡುವ ಪಾತ್ರದ ಚಿತ್ರಕ್ಕೆ ಸ್ಪ್ರೈಟ್ ಎನ್ನುತ್ತಾರೆ. 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಫ್ಯಾಮಿಕಾಮ್ ಯಂತ್ರವನ್ನು ಹೊರತಂದಾಗ ಮೆಮೊರಿ ಬಹಳ ದುಬಾರಿ. ಸಾಲಿಗೆ 8ರಂತೆ 8 ಸಾಲು, ಅಂದರೆ 64 ಚುಕ್ಕೆಗಳ ತುಣುಕಿಗೆ ಇಂದಿನಂತೆ ಪೂರ್ಣ ಬಣ್ಣ ಬರೆದಿಡಲು 192 ಬೈಟ್ ಬೇಕು. ಆ ಯಂತ್ರದಲ್ಲಿ ಪ್ರತಿ ಚುಕ್ಕೆಗೂ ಬಣ್ಣದ ಬದಲು 0ಯಿಂದ 3ರವರೆಗಿನ ಒಂದು ಸಂಖ್ಯೆಯನ್ನಷ್ಟೇ ಇಟ್ಟರು. 16 ಬೈಟಿನಲ್ಲಿ ಕೆಲಸ ಮುಗಿಯಿತು. ಯಾವ ಸಂಖ್ಯೆಗೆ ಯಾವ ಬಣ್ಣ ಎಂಬುದು ಬೇರೊಂದು ಪಟ್ಟಿಯಲ್ಲಿತ್ತು. ಅದೇ ಪ್ಯಾಲೆಟ್. ಸ್ಪ್ರೈಟಿನಲ್ಲಿ 0 ಎಂದರೆ ಬಣ್ಣವಿಲ್ಲ, ಹಿನ್ನೆಲೆ ಕಾಣಲಿ ಎಂದರ್ಥ. 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟದಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ. ಬಣ್ಣದ ಪಟ್ಟಿ ಮಾತ್ರ ಬೇರೆ. 2001ರ ಗೇಮ್ ಬಾಯ್ ಅಡ್ವಾನ್ಸ್ ಯಂತ್ರದಲ್ಲಿಯೂ 16 ಬಣ್ಣಗಳ ಪಟ್ಟಿಗಳಿದ್ದವು.

ಅಂಥ ಹಳೆಯ ಯಂತ್ರಕ್ಕಾಗಿ ನೀವು ಕಿತ್ತೂರು ಚೆನ್ನಮ್ಮನ ಸ್ಪ್ರೈಟ್ ರಚಿಸಿದಿರಿ ಎನ್ನಿ. ಗಣಕದಲ್ಲಿ ಸರಿಯಾಗಿದ್ದ ಬಿಳಿ ಕುದುರೆ ಆಟದಲ್ಲಿ ಹಸಿರಾಗಿದೆ, ರಾಣಿಯ ಸುತ್ತ ಬಣ್ಣದ ಚೌಕವಿದೆ. ಚಿತ್ರವನ್ನು ಅಳಿಸಬೇಡಿರಿ. ಎಣಿಕೆ ಸರಿಯಿರಬಹುದು, ಮೊದಲು ಪಟ್ಟಿಯನ್ನು ನೋಡಿರಿ.

ಒಂದು, ಬಣ್ಣಗಳನ್ನು ಎಣಿಸಿರಿ. ಮೃದು ಕುಂಚ ಬಳಸಿದರೆ, ಜೆಪೆಗ್ ರೂಪದಲ್ಲಿ ಉಳಿಸಿದರೆ ಅಂಚುಗಳಲ್ಲಿ ಕಣ್ಣಿಗೆ ಕಾಣದ ಹತ್ತಾರು ಛಾಯೆಗಳು ಸೇರಿಕೊಳ್ಳುತ್ತವೆ. ಅವನ್ನು 16ಕ್ಕೆ ಇಳಿಸಿ, ಪ್ಯಾಲೆಟ್ ಸಹಿತ ಪಿಎನ್‌ಜಿ ರೂಪದಲ್ಲಿ ಉಳಿಸಿರಿ. ಎರಡು, ಹಿನ್ನೆಲೆಯ ಬಣ್ಣ ಪಟ್ಟಿಯಲ್ಲಿ 0ಯ ಸ್ಥಾನದಲ್ಲಿರಲಿ, ಚೌಕ ಮಾಯವಾಗುತ್ತದೆ. ಮೂರು, ಬಣ್ಣಗಳ ಅನುಕ್ರಮ ಆಟದ ಪಟ್ಟಿಯಂತೆಯೇ ಇರಲಿ. ಚಿತ್ರ ಉಳಿಸುವಾಗ ಕೆಲವು ತಂತ್ರಾಂಶಗಳು ಅನುಕ್ರಮವನ್ನು ಬದಲಿಸುತ್ತವೆ. ಕುದುರೆ ಹಸಿರಾಗುವುದು ಆಗಲೇ. ಒಂದು ಪಟ್ಟಿಯನ್ನು ಹಲವು ಪಾತ್ರಗಳು ಹಂಚಿಕೊಂಡಿರುವುದೂ ಉಂಟು. ರಾಣಿಗಾಗಿ ಬಣ್ಣ ಬದಲಿಸಿದರೆ ಸೈನಿಕನ ಅಂಗಿಯೂ ಬದಲಾದೀತು, ಎಚ್ಚರ.

1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಸೈನ್ಯ ಕಂಪನಿಯ ಪಡೆಯನ್ನು ಸೋಲಿಸಿತು. 1829ರಲ್ಲಿ ರಾಣಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಆ ಕಥೆ ಲಾವಣಿಯಾಯಿತು, ನಾಟಕವಾಯಿತು, 1961ರಲ್ಲಿ ಚಲನಚಿತ್ರವಾಯಿತು. ಆಟದ ಪರದೆಗೆ ಅದನ್ನು ತರಬೇಕಾದವರು ನೀವು. ಬಣ್ಣ ಕೆಟ್ಟಿತೆಂದು ಆ ಕೆಲಸ ಅರ್ಧಕ್ಕೆ ನಿಲ್ಲದಿರಲಿ.