ದೇವಾಲಯವಿಲ್ಲದೆ ಉಳಿದ ಧರ್ಮಸಭೆ

ಒಂದು ದೇವಾಲಯದ ಶತಮಾನೋತ್ಸವವೆಂದರೆ ಕಲ್ಲು, ಗಾರೆ, ಗೋಪುರ, ಗಂಟೆಗಳ ನೆನಪು ಮೊದಲು ಬರುವುದು ಸಹಜ. ಹಿರಿಯರು ಬೆವರು ಸುರಿಸಿ ಕಟ್ಟಿದ ಈ ಪುಣ್ಯಮಂದಿರದ ಬಗ್ಗೆ ನಮ್ಮೆಲ್ಲರಿಗೂ ಅಭಿಮಾನವಿರುವುದು ಉಚಿತವೇ ಆಗಿದೆ. ಆದರೂ ಇಂಥ ಶುಭಸಂದರ್ಭದಲ್ಲಿ ಒಂದು ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳುವುದು ಲೇಸು. ಈ ಕಟ್ಟಡವೂ ಇಲ್ಲದೆ, ಬಲಿಪೂಜೆಯನ್ನರ್ಪಿಸಲು ಒಬ್ಬ ಗುರುವೂ ಇಲ್ಲದೆ ಹೋದರೆ ನಮ್ಮ ವಿಶ್ವಾಸ ಎಷ್ಟು ಕಾಲ ಬಾಳೀತು? ಜಪಾನ್ ದೇಶದ ನಾಗಸಾಕಿ ಸೀಮೆಯ ಬಡ ರೈತರೂ ಬೆಸ್ತರೂ ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟಿದ್ದಾರೆ. ವಿಶ್ವಾಸಿಗಳ ಅನ್ಯೋನ್ಯತೆ ಎಂದರೇನೆಂದು ತಿಳಿಯಬಯಸುವವರು ಅವರ ಚರಿತ್ರೆಯನ್ನು ಅವಶ್ಯವಾಗಿ ಅರಿಯಬೇಕು.

ಆ ಚರಿತ್ರೆ ಆರಂಭವಾಗುವುದು ನಮ್ಮ ನೆರೆಯ ಗೋವೆಯಿಂದಲೇ. 1549ರ ಏಪ್ರಿಲ್ ತಿಂಗಳಲ್ಲಿ ಅಲ್ಲಿಂದ ಹೊರಟ ಸಂತ ಫ್ರಾನ್ಸಿಸ್ ಝೇವಿಯರರು ಅದೇ ವರ್ಷ ಆಗಸ್ಟ್ 15ರಂದು ಕಾಗೋಷಿಮಾ ಬಂದರಿನಲ್ಲಿ ಇಳಿದರು. ಅವರು ಬಿತ್ತಿದ ಬೀಜ ಮುಂದಿನ ಅರ್ಧಶತಮಾನದಲ್ಲಿ ಹುಲುಸಾಗಿ ಬೆಳೆಯಿತು. ಆದರೆ ಆಳುವವರ ಮನಸ್ಸು ತಿರುಗಿತು. 1587ರಲ್ಲಿ ಹಿದೆಯೋಷಿಯು ಧರ್ಮಪ್ರಚಾರಕರು ದೇಶ ಬಿಡಬೇಕೆಂದು ಆಜ್ಞಾಪಿಸಿದನು. 1597ರ ಫೆಬ್ರುವರಿ 5ರಂದು ನಾಗಸಾಕಿಯ ಗುಡ್ಡದ ಮೇಲೆ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲೊಬ್ಬರು ಮುಂಬಯಿ ಸಮೀಪದ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ ತೊಕುಗಾವ ಪ್ರಭುತ್ವವು ಕ್ರೈಸ್ತಧರ್ಮವನ್ನು ದೇಶಾದ್ಯಂತ ನಿಷೇಧಿಸಿತು. ದೇವಾಲಯಗಳು ನೆಲಸಮವಾದವು, ಗುರುಗಳು ಗಡೀಪಾರಾದರು, ಅಡಗಿ ಉಳಿದವರು ಒಬ್ಬೊಬ್ಬರಾಗಿ ಸೆರೆಸಿಕ್ಕರು. 1644ರಲ್ಲಿ ಕೊನೆಯ ಗುರುವಾದ ಮಾನ್ಷೊ ಕೊನಿಷಿಯವರೂ ರಕ್ತಸಾಕ್ಷಿಗಳಾದ ಮೇಲೆ ಆ ನಾಡಿನ ಮಂದೆಗೆ ಕುರುಬನೇ ಇಲ್ಲವಾದನು.

ಪ್ರಭುತ್ವದ ಬಲೆ ಬಹು ನುಣ್ಣಗೆ ಹೆಣೆದದ್ದಾಗಿತ್ತು. ಪ್ರತಿಯೊಂದು ಕುಟುಂಬವೂ ಬೌದ್ಧ ವಿಹಾರವೊಂದರಲ್ಲಿ ಹೆಸರು ಬರೆಸಬೇಕಿತ್ತು. ನಾಗಸಾಕಿ ಸೀಮೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಕ್ರಿಸ್ತರ ಅಥವಾ ಮರಿಯಮ್ಮನವರ ಪ್ರತಿಮೆಯನ್ನು ಕಾಲಿನಿಂದ ತುಳಿಯಬೇಕಿತ್ತು. ಸುಳಿವು ಕೊಟ್ಟವರಿಗೆ ಬಹುಮಾನವಿತ್ತು. ಐದೈದು ಮನೆಗಳನ್ನು ಒಂದು ಕೂಟವಾಗಿ ಕಟ್ಟಿ, ಒಂದು ಮನೆಯ ಅಪರಾಧಕ್ಕೆ ಐದೂ ಮನೆಗಳನ್ನು ಹೊಣೆ ಮಾಡಲಾಗಿತ್ತು. ನೆರೆಯವನು ನೆರೆಯವನನ್ನು ಶಂಕಿಸಬೇಕೆಂಬುದೇ ಅದರ ಉದ್ದೇಶ.

ಈ ಶಂಕೆಯ ನಡುವೆಯೇ ವಿಶ್ವಾಸಿಗಳು ತಮ್ಮದೇ ಆದ ಇನ್ನೊಂದು ಕೂಟವನ್ನು ಕಟ್ಟಿಕೊಂಡರು. ಧರ್ಮಪ್ರಚಾರಕರು ಹಿಂದೆಯೇ ಸ್ಥಾಪಿಸಿದ್ದ ಭಕ್ತಸಂಘಗಳು ಅದಕ್ಕೆ ತಳಹದಿಯಾದವು. ಉರಕಾಮಿ ಎಂಬ ಹಳ್ಳಿಯಲ್ಲಿ ಅದರ ವ್ಯವಸ್ಥೆ ಹೀಗಿತ್ತು. ‘ಚೋಕಾತ’ ಎಂಬ ಹಿರಿಯನು ಹಬ್ಬಹರಿದಿನಗಳ ಪಂಚಾಂಗವನ್ನು ಕಾಪಾಡುತ್ತಿದ್ದನು. ‘ಮಿಜುಕಾತ’ನು ಶಿಶುಗಳಿಗೆ ಜ್ಞಾನಸ್ನಾನ ಕೊಡುತ್ತಿದ್ದನು. ‘ಕಿಕಿಯಾಕು’ ಎಂಬವನು ಮನೆಮನೆಗೆ ಹೋಗಿ, ಉಪವಾಸ ಎಂದು, ಹಬ್ಬ ಎಂದು ತಿಳಿಸಿ ಬರುತ್ತಿದ್ದನು. ಪ್ರತಿಮೆಯನ್ನು ತುಳಿದು ಮನೆಗೆ ಮರಳಿದವರು ಪಶ್ಚಾತ್ತಾಪದ ಜಪವನ್ನು ಹೇಳಿಕೊಳ್ಳುತ್ತಿದ್ದರು. ಪಾಪನಿವೇದನೆ ಕೇಳಲು ಗುರುವಿಲ್ಲದಾಗ ಪರಿಪೂರ್ಣ ಪಶ್ಚಾತ್ತಾಪದಿಂದ ದೇವರ ಕ್ಷಮೆ ಲಭಿಸುವುದೆಂದು ಅವರ ಪೂರ್ವಜರು ಕಲಿತಿದ್ದರು; ಆ ಬೋಧನೆ ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಇಳಿದು ಬಂದಿತು. ಒಬ್ಬನ ನಾಲಗೆ ಜಾರಿದರೆ ಇಡೀ ಹಳ್ಳಿ ಅಳಿಯಬಹುದಾಗಿದ್ದ ಕಾಲದಲ್ಲಿ ಇಷ್ಟೊಂದು ಜನ ಒಬ್ಬರನ್ನೊಬ್ಬರು ನಂಬಿ ಬಾಳಿದರೆಂಬುದನ್ನು ನಾವು ಮನಗಾಣಬೇಕು.

ಕೊನೆಗೆ ಬಂದರುಗಳು ವಿದೇಶೀಯರಿಗೆ ತೆರೆದವು. ನಮ್ಮ ಮೈಸೂರು ಬೆಂಗಳೂರು ಸೀಮೆಗಳಲ್ಲಿಯೂ ದುಡಿದ ಪ್ಯಾರಿಸ್ ಮಿಷನ್ ಸಂಸ್ಥೆಯ ಗುರುಗಳು ನಾಗಸಾಕಿಯ ಔರಾದಲ್ಲಿ, ಆ 26 ರಕ್ತಸಾಕ್ಷಿಗಳ ಹೆಸರಿನಲ್ಲಿ, ವಿದೇಶೀಯರ ಉಪಯೋಗಕ್ಕಾಗಿ ಒಂದು ದೇವಾಲಯವನ್ನು ಕಟ್ಟಿದರು. 1865ರ ಮಾರ್ಚ್ 17ರಂದು ಉರಕಾಮಿಯ ಸುಮಾರು 15 ಮಂದಿ ಅಲ್ಲಿಗೆ ಬಂದರು. ಜಪಿಸುತ್ತಿದ್ದ ಪೆಟಿಜಾನ್ ಗುರುಗಳ ಬಳಿ ಒಬ್ಬ ಮಹಿಳೆ ಬಂದು, ತಮ್ಮೆಲ್ಲರ ಹೃದಯವೂ ಅವರ ಹೃದಯದಂತೆಯೇ ಇದೆಯೆಂದು ಮೆಲ್ಲಗೆ ಹೇಳಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು. ಅದು ತಪಸ್ಸುಕಾಲ, ಅವರೂ ತಮ್ಮ ಪಂಚಾಂಗದಂತೆ ತಪಸ್ಸುಕಾಲವನ್ನೇ ಆಚರಿಸುತ್ತಿದ್ದರು! ಇನ್ನೂರು ವರ್ಷಗಳಿಗೂ ಮೀರಿದ ಕತ್ತಲೆಯಲ್ಲಿ ಅವರ ಲೆಕ್ಕ ತಪ್ಪಿರಲಿಲ್ಲ.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಬಹಿರಂಗವಾಗಿ ವಿಶ್ವಾಸವನ್ನು ಪ್ರಕಟಿಸಿದ ಉರಕಾಮಿಯ ಸುಮಾರು 3,400 ಮಂದಿಯನ್ನು 1868ರಿಂದ 1870ರೊಳಗೆ ದೇಶದ ನಾನಾ ಕಡೆಗೆ ಗಡೀಪಾರು ಮಾಡಲಾಯಿತು. 600ಕ್ಕೂ ಹೆಚ್ಚು ಮಂದಿ ಅಲ್ಲಿಯೇ ಮಡಿದರು. 1873ರಲ್ಲಿ ನಿಷೇಧ ಸಡಿಲಗೊಂಡು ಮರಳಿದವರು, ಹಿಂದೆ ತಾವು ಪ್ರತಿಮೆಯನ್ನು ತುಳಿಯಬೇಕಾಗಿದ್ದ ಗ್ರಾಮಾಧಿಕಾರಿಯ ಮನೆಯ ನಿವೇಶನವನ್ನೇ ಕೊಂಡು, ಅಲ್ಲಿ ತಮ್ಮ ದೇವಾಲಯವನ್ನು ಕಟ್ಟಿದರು. 1895ರಲ್ಲಿ ತೊಡಗಿದ ಆ ಇಟ್ಟಿಗೆಯ ದೇವಾಲಯ 1914ರಲ್ಲಿ ಪೂರ್ತಿಯಾಯಿತು. 1945ರ ಆಗಸ್ಟ್ 9ರಂದು ಅಣುಬಾಂಬು ಅದರ ಸಮೀಪದಲ್ಲೇ ಸಿಡಿದು ಅದನ್ನು ಪುಡಿ ಮಾಡಿತು. ಸುಮಾರು 12,000 ಕ್ರೈಸ್ತರಲ್ಲಿ 8,500 ಮಂದಿ ಅಸುನೀಗಿದರು. ಉಳಿದವರು 1959ರಲ್ಲಿ ಅದನ್ನು ಮತ್ತೆ ಕಟ್ಟಿದರು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಮರೆಮಾಚಬಾರದು. ಅಡಗಿದ್ದವರಲ್ಲಿ ಹಲವರು ಗುರುಗಳು ಬಂದ ಮೇಲೂ ಧರ್ಮಸಭೆಯನ್ನು ಮರಳಿ ಸೇರದೆ, ಪೂರ್ವಜರ ರೂಢಿಯಲ್ಲೇ ಉಳಿದರು. ಅವರ ಸಂಖ್ಯೆ ಕ್ರಮೇಣ ಕ್ಷೀಣಿಸಿತು. ಕೂಟವು ತನ್ನಲ್ಲೇ ಮುಚ್ಚಿಕೊಂಡರೆ ಬಾಡುತ್ತದೆ. ಸಂಸ್ಕಾರಗಳ ಜೀವಜಲವೂ ಸಾರ್ವತ್ರಿಕ ಧರ್ಮಸಭೆಯ ಬಾಂಧವ್ಯವೂ ಅದಕ್ಕೆ ಬೇಕು. ಆದರೆ ಸಂಸ್ಕಾರಗಳನ್ನು ಪಡೆಯುವವರು ಒಬ್ಬರಿಗೊಬ್ಬರು ಅಪರಿಚಿತರಾಗಿಯೇ ಉಳಿದರೆ ಅದೂ ಪೂರ್ಣವಾದ ಬಾಳಲ್ಲ.

ಕರಾವಳಿಯ ಧರ್ಮಕೇಂದ್ರಗಳಲ್ಲಿ ವಾಳೆಗಳ ಗುರಿಕಾರರು ಮನೆಮನೆಯ ಸುಖದುಃಖವನ್ನು ಅರಿತು, ಜಗಳ ತೀರ್ಮಾನಿಸಿ, ಜನರನ್ನು ಪ್ರಾರ್ಥನೆಗೆ ಕೂಡಿಸುತ್ತಿದ್ದ ಪರಿಪಾಠವನ್ನು ಹಿರಿಯರು ಬಲ್ಲರು. ಇಂದು ನಮ್ಮ ಮಕ್ಕಳು ನಗರಗಳಲ್ಲೂ ಕೊಲ್ಲಿ ರಾಷ್ಟ್ರಗಳಲ್ಲೂ ದುಡಿಯುತ್ತಿದ್ದಾರೆ. ಹಲವು ಮನೆಗಳಲ್ಲಿ ವೃದ್ಧರಿಬ್ಬರೇ ಉಳಿದಿದ್ದಾರೆ. ಭಾನುವಾರದ ಪೂಜೆಗೆ ಒಂದೇ ಬೆಂಚಿನಲ್ಲಿ ಕುಳಿತವರಿಗೆ ಒಬ್ಬರ ಹೆಸರು ಒಬ್ಬರಿಗೆ ತಿಳಿಯದಂತಾಗಿದೆ. ಉರಕಾಮಿಯ ಕಿಕಿಯಾಕು ಜೀವದ ಆಸೆ ತೊರೆದು ಹತ್ತಿದ ಹೊಸ್ತಿಲುಗಳನ್ನು ನಾವು ಯಾವ ಭಯವೂ ಇಲ್ಲದೆ ಹತ್ತಬಹುದು. ಪ್ರತಿಯೊಂದು ಕೇರಿಯಲ್ಲಿ ಒಬ್ಬಿಬ್ಬರು ಈ ಕೆಲಸಕ್ಕೆ ಮುಂದಾಗಿ, ಹಾಸಿಗೆ ಹಿಡಿದವರು ಯಾರು, ಮುನಿದು ದೂರ ಉಳಿದವರು ಯಾರು, ಜಪಮಾಲೆಗೆ ಜೊತೆಯಿಲ್ಲದವರು ಯಾರು ಎಂದು ವಿಚಾರಿಸಿ, ಅವರ ಮನೆಯಲ್ಲೇ ಕೂಡಿ ಪ್ರಾರ್ಥಿಸಲು ತೊಡಗಿದರೆ, ಈ ಶತಮಾನೋತ್ಸವ ಸಾರ್ಥಕವಾದೀತು. ಜಪಾನಿನ ಪುಣ್ಯ ರಕ್ತಸಾಕ್ಷಿಗಳ ಬಿನ್ನಹದಿಂದ ಪ್ರಭು ಯೇಸುಕ್ರಿಸ್ತರು ನಮಗೆ ಆ ಕೃಪೆಯನ್ನು ದಯಪಾಲಿಸಲಿ.