ಬಾಲ್ಕನಿ ಬಾಗಿಲು ಮತ್ತು ಹೆಡ್‌ಫೋನಿನ ನೂರು ವರ್ಷ

ಹೋದ ವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಅವಸರದಲ್ಲಿ ಹೇಳಿದ ಕೆಲವು ವಿಷಯಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಕಳೆದ ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ ಸಾಗರದಿಂದ ಪುಣೆಗೆ ಬಂದಿದ್ರು. ವಾಕಡ್‌ನಲ್ಲಿ ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು. ಒಂದು ರೂಮಲ್ಲಿ ನನ್ನ ಮೀಟಿಂಗ್, ಇನ್ನೊಂದರಲ್ಲಿ ಹೆಂಡತಿಯದು. ಅಪ್ಪನಿಗೆ ಮಧ್ಯಾಹ್ನ ಹಾಲಿನಲ್ಲಿ ಕೂತು ತಾಳಮದ್ದಳೆ ಕೇಳಬೇಕು, ಅದೂ ಫೋನಿನ ಸ್ಪೀಕರ್ ಪೂರ್ತಿ ಏರಿಸಿ. "ಅಪ್ಪಾ, ಸ್ವಲ್ಪ ಸಣ್ಣ ಮಾಡಿ" ಅಂತ ಎರಡು ದಿನ ಹೇಳಿದೆ. ಮೂರನೇ ದಿನ, ಬೋನಸ್ ಬಂದಾಗ ಕೊಂಡಿದ್ದ ನನ್ನ ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನನ್ನೇ ಅವರ ತಲೆಗೆ ಹಾಕಿದೆ. ಮನೆ ತಣ್ಣಗಾಯ್ತು.

ಅವತ್ತೇ ಅಮ್ಮ ಬಟ್ಟೆ ಒಣಗಿಸೋಕೆ ಬಾಲ್ಕನಿಗೆ ಹೋದಾಗ ಗಾಳಿಗೆ ಬಾಗಿಲು ಹಾಕ್ಕೊಂಡು ಲಾಕ್ ಬಿತ್ತು. ಫೋನು ಅಡುಗೆಮನೆಯಲ್ಲಿ. ಅಮ್ಮ ಬಾಗಿಲು ಬಡಿದಿದ್ದಾಳೆ, ಕೂಗಿದ್ದಾಳೆ. ಅಪ್ಪ ಹತ್ತು ಅಡಿ ದೂರದಲ್ಲಿ ಬೆನ್ನು ಹಾಕಿ ಕೂತಿದ್ರು. ನನ್ನ ಕಿವಿಯಲ್ಲಿ ಆಫೀಸಿನ ಹೆಡ್‌ಸೆಟ್, ಹೆಂಡತಿಯ ಕಿವಿಯಲ್ಲಿ ಅವಳದು. ಇಪ್ಪತ್ತೈದು ನಿಮಿಷದ ಮೇಲೆ ಹೆಂಡತಿ ನೀರು ಕುಡಿಯೋಕೆ ಹೊರಗೆ ಬಂದಾಗ ಗೊತ್ತಾಯ್ತು. ಏಪ್ರಿಲ್ ತಿಂಗಳ ಪುಣೆ ಬಿಸಿಲು! ಅಮ್ಮ ಏನೂ ಬೈಯಲಿಲ್ಲ, ಎರಡು ಲೋಟ ನೀರು ಕುಡಿದು ಸುಮ್ಮನೆ ಕೂತಳು. ಅಪ್ಪ ಹೆಡ್‌ಫೋನ್ ತೆಗೆದು ಟೇಬಲ್ ಮೇಲಿಟ್ಟು ಹೇಳಿದ್ರು: "ಇದು ಹಾಕ್ಕೊಂಡ್ರೆ ಮನೇಲಿ ಇದ್ದೂ ಇಲ್ದಂಗೆ ಕಣೋ. ನಂಗೆ ಬೇಡ."

ಆಮೇಲೆ ನಾನು ಹೆಡ್‌ಫೋನಿನ ಇತಿಹಾಸ ಓದೋಕೆ ಶುರು ಮಾಡಿದೆ. ಕಿವಿ ಎಷ್ಟು ಮುಚ್ಚಬೇಕು, ಎಷ್ಟು ತೆರೆದಿರಬೇಕು ಅನ್ನೋ ಪ್ರಶ್ನೆಯನ್ನ ಹಿಂದೆಯೇ ಯಾರೋ ಕೇಳಿಕೊಂಡಿದ್ದಾರೆ, ಅದಕ್ಕೆ ಅಗ್ಗದ ಉತ್ತರವನ್ನೂ ಕೊಟ್ಟಿದ್ದಾರೆ ಅಂತ ಗೊತ್ತಾಯ್ತು.

ಕಥೆ ಶುರುವಾಗೋದು ಒಂದು ಅಡುಗೆಮನೆಯಲ್ಲಿ. ಅಮೆರಿಕದ ಯೂಟಾದಲ್ಲಿ ನಥಾನಿಯಲ್ ಬಾಲ್ಡ್‌ವಿನ್ ಅಂತ ಒಬ್ಬರಿದ್ದರು. ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಪ್ರವಚನ ಸರಿಯಾಗಿ ಕೇಳಿಸ್ತಿಲ್ಲ ಅನ್ನೋದು ಅವರ ತಕರಾರು. ಆ ಚಿಂತೆಯಿಂದಲೇ ಪ್ರಯೋಗ ಮಾಡ್ತಾ ಹೋಗಿ, 1910ರಲ್ಲಿ ಒಂದು ಜೊತೆ ಹೆಡ್‌ಫೋನನ್ನ ಅಮೆರಿಕದ ನೌಕಾಪಡೆಗೆ ಕಳಿಸಿದರು. ಪರೀಕ್ಷೆ ಮಾಡಿದವರಿಗೆ ಆಶ್ಚರ್ಯ, ತಮ್ಮ ಹತ್ತಿರ ಇದ್ದದ್ದಕ್ಕಿಂತ ಇದು ಎಷ್ಟೋ ವಾಸಿ! ನೌಕಾಪಡೆ ಆರ್ಡರ್ ಕೊಡ್ತು. ಒಂದು ಸಲಕ್ಕೆ ಹತ್ತು ಮಾತ್ರ ಮಾಡಿಕೊಡಬಲ್ಲೆ ಅಂದರಂತೆ ಬಾಲ್ಡ್‌ವಿನ್, ಏಕೆಂದರೆ ಅವರ ಕಾರ್ಖಾನೆ ಅಂದ್ರೆ ಮನೆಯ ಅಡುಗೆಕೋಣೆ. ತಲೆಪಟ್ಟಿಗೆ ಪೇಟೆಂಟ್ ತಗೊಳ್ಳಿ ಅಂದ್ರೆ, ಇಷ್ಟು ಸಣ್ಣದಕ್ಕೆ ಯಾಕೆ ಅಂತ ಬಿಟ್ಟರು.

ಆ ಹೆಡ್‌ಫೋನು ಹಡಗಿನ ರೇಡಿಯೋ ಆಪರೇಟರಿಗೆ. ಮನೆಗೆ ಬಂದದ್ದು 1920ರ ದಶಕದಲ್ಲಿ, ಕ್ರಿಸ್ಟಲ್ ರೇಡಿಯೋ ಜೊತೆ. ಕ್ರಿಸ್ಟಲ್ ಸೆಟ್ಟಿಗೆ ಬ್ಯಾಟರಿ ಬೇಡ, ಆಂಟೆನಾ ಹಿಡಿಯುವ ಅಲೆಯ ಶಕ್ತಿಯಲ್ಲೇ ಓಡುತ್ತೆ. ಅಷ್ಟು ಸಣ್ಣ ಶಕ್ತಿಗೆ ಸ್ಪೀಕರ್ ಅಲುಗಾಡಲ್ಲ. ವಾಲ್ವ್ ರೇಡಿಯೋ, ಸ್ಪೀಕರ್ ಎರಡೂ ದುಬಾರಿ. ಅಂದ್ರೆ ಮನೆಯಲ್ಲಿ ಹೆಡ್‌ಫೋನ್ ಹಾಕ್ಕೊಳ್ತಿದ್ದದ್ದು ಹೆಚ್ಚು ದುಡ್ಡಿಲ್ಲದವರು. ಒಂದೇ ಹೆಡ್‌ಫೋನನ್ನ ಬಟ್ಟಲಿನೊಳಗೆ ಇಟ್ಟು, ಬಟ್ಟಲಿನ ಸುತ್ತ ಮನೆಮಂದಿಯೆಲ್ಲ ಕೂತು ಕೇಳ್ತಿದ್ರು. ಇವತ್ತು ನಾವು ಫೋನನ್ನ ಸ್ಟೀಲ್ ಲೋಟದಲ್ಲಿ ಇಟ್ಟು ಹಾಡು ಕೇಳೋದು ಅದೇ ಉಪಾಯ.

1937ರಲ್ಲಿ ಬರ್ಲಿನ್‌ನ ಬೇಯರ್ ಕಂಪನಿ ಡಿಟಿ 48 ತಂದಿತು. ಸಣ್ಣ ಸ್ಪೀಕರಿನ ಹಾಗೆ ತೆಳು ಪರದೆ, ಅದಕ್ಕೆ ಅಂಟಿದ ತಂತಿ ಸುರುಳಿ, ಹಿಂದೆ ಅಯಸ್ಕಾಂತ. ಇವತ್ತಿನ ಐನೂರು ರೂಪಾಯಿ ಹೆಡ್‌ಫೋನಿನಲ್ಲೂ ಇರೋದು ಇದೇ ರಚನೆ. ಆದರೆ ಆಗ ಅದು ಮುಖ್ಯವಾಗಿ ಕಸುಬಿನವರ ಸಾಮಾನು.

ಸಂಗೀತ ಕೇಳೋ ಸಾಮಾನ್ಯ ಜನರಿಗೆ ಅಂತಲೇ ಹೆಡ್‌ಫೋನ್ ಮಾಡಿದ್ದು ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್. ಸೋಫಾ ಕೊಳ್ಳೋಕೆ ಅಂತ ಮದುವೆಯಲ್ಲಿ ಬಂದಿದ್ದ ಉಡುಗೊರೆ ದುಡ್ಡಲ್ಲಿ ಟಿವಿ ಕೊಂಡು, ಆಸ್ಪತ್ರೆಯ ರೋಗಿಗಳಿಗೆ ಬಾಡಿಗೆಗೆ ಕೊಡ್ತಿದ್ದ ಮನುಷ್ಯ. 1958ರಲ್ಲಿ ಇಂಜಿನಿಯರ್ ಮಾರ್ಟಿನ್ ಲ್ಯಾಂಗ್ ಜೊತೆ ಸೇರಿ ಒಂದು ಪೋರ್ಟಬಲ್ ಗ್ರಾಮಫೋನ್ ಮಾಡಿ ಪ್ರದರ್ಶನಕ್ಕಿಟ್ಟರು. ಸ್ಟೀರಿಯೋ ರೆಕಾರ್ಡು ಆಗಷ್ಟೇ ಅಂಗಡಿಗೆ ಬರ್ತಿದ್ದ ಕಾಲ. ಒಬ್ಬರೇ ಕೇಳೋಕೆ ಅನುಕೂಲ ಆಗಲಿ ಅಂತ ಸಣ್ಣ ಸ್ಪೀಕರುಗಳನ್ನ ಜೋಡಿಸಿದ ಹೆಡ್‌ಫೋನನ್ನೂ ಪಕ್ಕದಲ್ಲಿ ಇಟ್ಟಿದ್ರು. ಬಂದವರು ಗ್ರಾಮಫೋನ್ ಕೇಳಲೇ ಇಲ್ಲ, ಹೆಡ್‌ಫೋನ್ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು. ಅಲ್ಲಿಂದ ಹೆಡ್‌ಫೋನು ಮನೆಯ ಸಾಮಾನಾಯ್ತು.

ಆ ಕಾಲದ ಹೆಡ್‌ಫೋನೆಲ್ಲ ಮುಚ್ಚಿದ ಬಟ್ಟಲು. ಕಿವಿಯನ್ನ ಗಟ್ಟಿಯಾಗಿ ಅಮುಕಿ ಹಿಡಿಯಬೇಕು, ಇಲ್ಲಾಂದ್ರೆ ಗಾಳಿ ಸೋರಿ ಕೆಳಸ್ವರ ಹೋಗುತ್ತೆ. ಹಾಗಾಗಿ ಭಾರ, ಬಿಗಿ, ಸೆಕೆ. ಇದನ್ನ ಬದಲಾಯಿಸಿದ್ದು ಜರ್ಮನಿಯ ಹ್ಯಾನೋವರ್ ಹತ್ತಿರದ ಸೆನ್‌ಹೈಸರ್ ಕಂಪನಿ. 1968ರಲ್ಲಿ ಅವರು ತಂದ ಎಚ್‌ಡಿ 414 ಹೆಡ್‌ಫೋನಿನ ಹಿಂಬದಿ ತೆರೆದೇ ಇತ್ತು. ಕಿವಿಗೆ ತಾಗೋದು ಒಂದು ಹಳದಿ ಸ್ಪಂಜು, ಅಷ್ಟೆ. ಹೊರಗಿನ ಶಬ್ದ ಒಳಗೆ, ಒಳಗಿನದು ಹೊರಗೆ. ಮುಚ್ಚೋದೇ ಹೆಡ್‌ಫೋನಿನ ಕೆಲಸ ಅಂದುಕೊಂಡಿದ್ದವರಿಗೆ ಇದು ವಿಚಿತ್ರ ಅನ್ನಿಸಿರಬೇಕು. ಆದರೆ ಪರದೆಯ ಹಿಂದಿನ ಗಾಳಿ ಬಟ್ಟಲಲ್ಲಿ ಸಿಕ್ಕಿ ಪ್ರತಿಧ್ವನಿಸೋ ತೊಂದರೆ ಇಲ್ಲ, ಹಾಗಾಗಿ ಸ್ವರ ಬಿಡುಬೀಸಾಗಿ ಕೇಳುತ್ತೆ. ತಲೆಗೂ ಹಗುರ. ಮಾಡಿದ್ದು ಕೋಟಿಗೂ ಹೆಚ್ಚು ಮಾರಾಟವಾಯ್ತು.

ನನಗೆ ಇಲ್ಲಿ ಇಷ್ಟವಾದದ್ದು ಏನಂದ್ರೆ, ಇದನ್ನ ಹಾಕ್ಕೊಂಡವರಿಗೆ ಹಾಡೂ ಕೇಳ್ತಿತ್ತು, ಮನೆಯಲ್ಲಿ ಯಾರಾದರೂ ಕರೆದರೆ ಅದೂ ಕೇಳ್ತಿತ್ತು.

1979ರಲ್ಲಿ ಸೋನಿ ವಾಕ್‌ಮನ್ ಬಂತು, ಅದರ ಸ್ಪಂಜಿನ ಹೆಡ್‌ಫೋನೂ ತೆರೆದ ಜಾತಿಯದೇ. 1984ರಲ್ಲಿ ಕಾಸ್ ಕಂಪನಿ ತಂದ ಪೋರ್ಟಾ ಪ್ರೋ ಇವತ್ತಿಗೂ ಮಾರಾಟದಲ್ಲಿದೆ. ಅದೇ ದಶಕದಲ್ಲಿ ಬಂದ ನಿಯೋಡೈಮಿಯಂ ಅಯಸ್ಕಾಂತ ಚಿಕ್ಕದು, ಆದರೆ ಬಲ ಹೆಚ್ಚು. ಹೆಡ್‌ಫೋನು ಇನ್ನೂ ಹಗುರವಾಗೋಕೆ ಅದೂ ಒಂದು ಕಾರಣ.

ಹಾಗಾದ್ರೆ ನನ್ನ ದುಬಾರಿ ಹೆಡ್‌ಫೋನು ಯಾವ ವಂಶದ್ದು? ಅದು ವಿಮಾನದ ವಂಶದ್ದು. ಬಂಗಾಳದಿಂದ ಅಮೆರಿಕಕ್ಕೆ ಹೋದ ತಂದೆಯ ಮಗ, ಎಂಐಟಿ ಪ್ರೊಫೆಸರ್ ಅಮರ್ ಬೋಸ್ 1978ರಲ್ಲಿ ಯುರೋಪಿನಿಂದ ವಾಪಸ್ ಬರೋವಾಗ, ಇಂಜಿನ್ ಸದ್ದಿನಲ್ಲಿ ಏನೂ ಕೇಳಿಸದೆ ಬೇಸತ್ತು, ವಿಮಾನದಲ್ಲೇ ಕೂತು ಲೆಕ್ಕ ಹಾಕೋಕೆ ಶುರು ಮಾಡಿದರು. ಹೊರಗಿನ ಸದ್ದನ್ನ ಮೈಕಿನಲ್ಲಿ ಹಿಡಿದು, ಅದಕ್ಕೆ ತದ್ವಿರುದ್ಧ ಅಲೆ ಹುಟ್ಟಿಸಿ ಹೊಡೆದುಹಾಕೋದು. 1989ರಲ್ಲಿ ಪೈಲಟ್‌ಗಳಿಗೆ, 2000ದಲ್ಲಿ ಪ್ರಯಾಣಿಕರಿಗೆ ಬಂತು. ವಿಮಾನದಲ್ಲಿ ಇದು ವರವೇ. ಆದರೆ ನಾನು ವಿಮಾನದ ಸಾಮಾನನ್ನ ತಂದು ಹಾಲಿನಲ್ಲಿ ಕೂತ ಅಪ್ಪನಿಗೆ ಹಾಕಿದ್ದೆ.

ದುಬಾರಿಯದು ಸ್ವರದಲ್ಲಾದರೂ ಮೇಲಲ್ವಾ ಅಂತ ನೀವು ಕೇಳಬಹುದು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಅನ್ನೋ ಸಂಶೋಧಕ 283 ಹೆಡ್‌ಫೋನುಗಳನ್ನ ಅಳೆದು ಪ್ರಬಂಧ ಬರೆದರು. ಯಾವ ಸ್ವರ ಎಷ್ಟು ಜೋರಾಗಿ ಬರುತ್ತೆ ಅನ್ನೋ ಅಳತೆಗೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ದುಬಾರಿಯದರಲ್ಲಿ ಗಟ್ಟಿತನ, ವೈರ್‌ಲೆಸ್ ಸೌಲಭ್ಯ ಇರಬಹುದು. ಸ್ವರ ಚೆನ್ನಾಗಿರುತ್ತೆ ಅಂತ ಬೆಲೆ ಚೀಟಿ ನೋಡಿ ಹೇಳೋಕೆ ಆಗಲ್ಲ.

ಮೇ ತಿಂಗಳಲ್ಲಿ ಅಪ್ಪನಿಗೆ ವೈರ್ ಇರೋ, ಕಿವಿ ಸುತ್ತ ಕೂರೋ, ಹಿಂಬದಿ ತೆರೆದ ಹೆಡ್‌ಫೋನ್ ತಂದೆ. ಮೂರು ಸಾವಿರದ ಒಳಗೆ. ಅವರ ಫೋನಿನಲ್ಲಿ ಇನ್ನೂ ಹಳೇ ಜಾಕ್ ಇದೆ, ಅದೂ ಅನುಕೂಲವಾಯ್ತು. ತೆರೆದದ್ದಕ್ಕೆ ಮಿತಿಯೂ ಇದೆ. ಲೋಕಲ್ ಟ್ರೈನಿನಲ್ಲಿ ಪ್ರಯೋಜನ ಇಲ್ಲ, ಹೊರಗಿನ ಗದ್ದಲ ಮೀರೋಕೆ ವಾಲ್ಯೂಮ್ ಏರಿಸ್ತೀವಿ. ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅದನ್ನ ದಾಟೋದು ಸುಲಭ. ಒಂದೇ ರೂಮಲ್ಲಿ ಇನ್ನೊಬ್ಬರು ಮಲಗಿದ್ದರೂ ಇದು ಆಗಲ್ಲ, ಸದ್ದು ಸೋರುತ್ತೆ.

ನಮ್ಮ ಹಾಲಿಗೆ ಮಾತ್ರ ಇದೇ ಸರಿ. ಈಗ ಅಪ್ಪ ಕೇಳ್ತಾ ಕೂತಾಗ ಚಂಡೆ ಸದ್ದು ಸಣ್ಣಗೆ ಹೊರಗೂ ಬರುತ್ತೆ, ಬಾಗಿಲು ಮುಚ್ಚಿದ ನಮ್ಮ ರೂಮಿಗೆ ಬರಲ್ಲ. ಅಮ್ಮ ಅಡುಗೆಮನೆಯಿಂದ "ರೀ, ಕಾಫಿ" ಅಂದ್ರೆ "ಬಂದೆ" ಅಂತಾರೆ, ಹೆಡ್‌ಫೋನ್ ತೆಗೆಯದೇನೇ.

ನಾನೂ ಒಂದು ಬದಲಾವಣೆ ಮಾಡ್ಕೊಂಡೆ. ಮನೆಯಲ್ಲಿ ಕಾಲ್ ಇದ್ದಾಗ ಹೆಡ್‌ಸೆಟ್ಟಿನ ಒಂದು ಕಡೆಯನ್ನ ಕಿವಿಯಿಂದ ಸರಿಸಿ ಇಡ್ತೀನಿ. ಬಾಲ್ಕನಿ ಬಾಗಿಲಿನ ಲಾಕನ್ನೂ ಬದಲಾಯಿಸಿದ್ದಾಯ್ತು. ನಿಮ್ಮ ಮನೆಗೂ ಊರಿಂದ ಯಾರಾದರೂ ಬರೋದಿದ್ರೆ, ಕೊಳ್ಳೋ ಮೊದಲು ಬೆಲೆಗಿಂತ ಮುಂಚೆ ಒಂದು ವಿಷಯ ಯೋಚಿಸಿ: ಇದನ್ನ ಹಾಕ್ಕೊಂಡವರನ್ನ ಯಾರಾದರೂ ಕರೆದರೆ ಕೇಳಿಸುತ್ತಾ?