ಹೆಸರಿಗೆ ಶಾಲೆ

‘ಹೆಸರು’ ಎಂಬ ಮಾತನ್ನು ನಾವು ದುಡಿಸಿಕೊಳ್ಳುವಷ್ಟು ಬೇರೆ ಮಾತನ್ನು ದುಡಿಸಿಕೊಳ್ಳುವುದು ಕಡಿಮೆ. ತೊಟ್ಟಿಲಿನಲ್ಲಿ ಇಡುವುದೂ ಅದನ್ನೇ, ದುಡಿದು ಗಳಿಸುವುದೂ ಅದನ್ನೇ, ಮಕ್ಕಳು ಕೆಡಿಸಿದರೆಂದು ಕೊರಗುವುದೂ ಅದಕ್ಕೇ. (ಕೋಸಂಬರಿಯ ಹೆಸರುಬೇಳೆಯ ಸಂಸಾರವೇ ಬೇರೆ, ಅದು ಅತ್ತ ಇರಲಿ.) ‘ಹೆಸರಿಗೆ’ ಎಂದು ಒಂದು ವಿಭಕ್ತಿ ಹಚ್ಚಿದರೆ ಸಾಕು, ಇದ್ದ ಮಾನವೂ ಹೋಯಿತು: ಹೆಸರಿಗೆ ಯಜಮಾನ, ಹೆಸರಿಗೆ ಆಸ್ಪತ್ರೆ. ಶಪಿಸಲು ನಿಂತರೆ ನಮ್ಮವರ ಬಾಯಿಂದ ಬರುವ ಕಡುಮಾತು ‘ಹೇಳಹೆಸರಿಲ್ಲದಂತಾಗಲಿ’.

ಈ ಎರಡು ಬಳಕೆಗಳೂ ನನಗೆ ಒಟ್ಟಿಗೆ ನೆನಪಾಗುವುದು ಸೆಪ್ಟೆಂಬರ್ 30ರಂದು, ಕೆನಡಾದ ಜನ ಕಿತ್ತಳೆ ಬಣ್ಣದ ಅಂಗಿ ತೊಡುವ ದಿನ. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಹೆತ್ತವರಿಂದ ಬಿಡಿಸಿ, ಸರ್ಕಾರದ ದುಡ್ಡಿನಲ್ಲಿ ಚರ್ಚುಗಳು ನಡೆಸುತ್ತಿದ್ದ ವಸತಿಶಾಲೆಗಳಿಗೆ ಸೇರಿಸುತ್ತಿದ್ದರು. ನಮ್ಮಲ್ಲಿ ವಸತಿಶಾಲೆಯೆಂದರೆ ಸೀಟು ಸಿಗಲೆಂದು ಹರಕೆ ಹೊರುವ ಜಾಗ. ಅಲ್ಲಿ 1920ರ ಕಾಯಿದೆಯ ಮೇರೆಗೆ ಮಗುವನ್ನು ಕಳಿಸದವರಿಗೆ ಶಿಕ್ಷೆಯಿತ್ತು. ಹತ್ತೊಂಬತ್ತನೆಯ ಶತಮಾನದಿಂದ 1990ರ ದಶಕದವರೆಗೆ ಸುಮಾರು 1,50,000 ಮಕ್ಕಳು ಹೀಗೆ ಹೋದರು. ಬಹುಕಾಲ ಅರ್ಧ ದಿನ ಪಾಠ, ಉಳಿದರ್ಧ ಹೊಲ, ಅಡುಗೆಮನೆ, ಬಟ್ಟೆ ಒಗೆತ. ತಾಯ್ನುಡಿ ಆಡಿದರೆ ಏಟು. ಹೆಸರಿಗೆ ಶಾಲೆ.

ಒಳಗೆ ಕಾಲಿಟ್ಟ ಕೂಡಲೇ ಜಡೆ ಹೋಗುತ್ತಿತ್ತು, ಮನೆಯ ಬಟ್ಟೆ ಹೋಗುತ್ತಿತ್ತು. ಆರು ವರ್ಷದ ಫಿಲಿಸ್ ವೆಬ್‌ಸ್ಟಾಡ್‌ಗೆ 1973ರಲ್ಲಿ ಅಜ್ಜಿ ಕೊಡಿಸಿದ್ದ ಹೊಸ ಕಿತ್ತಳೆ ಅಂಗಿ ಹೋದದ್ದು ಹಾಗೆಯೇ; ಇಂದಿನ ಆಚರಣೆ ಹುಟ್ಟಿದ್ದು ಅದರಿಂದ. ಬಟ್ಟೆಯ ಹಿಂದೆಯೇ ಹೆಸರಿನ ಸರದಿ. ಕ್ರೈಸ್ತ ಹೆಸರೊಂದು, ಜೊತೆಗೊಂದು ನಂಬರು. ಎಷ್ಟೋ ಕಡೆ ಕೂಗಿ ಕರೆಯುವುದೂ ನಂಬರಿನಿಂದಲೇ. ಬದುಕಿ ಬಂದವರಲ್ಲಿ ಹಲವರಿಗೆ ಮುಪ್ಪಿನಲ್ಲೂ ಆ ನಂಬರು ಬಾಯಿಪಾಠ.

ಒಂಟಾರಿಯೊದ ಕೆನೋರಾದ ವಸತಿಶಾಲೆಯಿಂದ 1966ರ ಅಕ್ಟೋಬರಿನಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಓಡಿಹೋದ. ಮನೆ ಒಗೋಕಿ ಪೋಸ್ಟ್, ಸುಮಾರು 600 ಕಿಲೋಮೀಟರ್ ದೂರ. ಮೈಮೇಲೆ ತೆಳು ಜಾಕೆಟ್ಟು, ಕೈಯಲ್ಲಿ ಬೆಂಕಿಕಡ್ಡಿ ಇಟ್ಟ ಪುಟ್ಟ ಗಾಜಿನ ಶೀಸೆ. ಚಳಿಯಲ್ಲಿ ರೈಲುಹಳಿಯ ಪಕ್ಕದಲ್ಲೇ ಸತ್ತ. ಮರುವರ್ಷ ‘ಮ್ಯಾಕ್ಲೀನ್ಸ್’ ಪತ್ರಿಕೆ ಅವನ ಕತೆ ಬರೆದು ದೇಶದ ಕಣ್ಣು ತೆರೆಸಿತು. ಆದರೆ ಅದರಲ್ಲಿ ಅಚ್ಚಾದ ಹೆಸರು ಚಾರ್ಲಿ ವೆನ್‌ಜಾಕ್. ಅದು ಶಾಲೆಯವರು ಕರೆದದ್ದು. ಅವನು ಚೇನಿ. ಟ್ರೆಂಟ್ ವಿಶ್ವವಿದ್ಯಾಲಯದ ಮೂಲನಿವಾಸಿ ಅಧ್ಯಯನ ವಿಭಾಗಕ್ಕೆ ಈಗ ಚೇನಿಯ ಹೆಸರಿದೆ.

ಚೇನಿಗೆ ತಪ್ಪು ಹೆಸರಾದರೂ ಇತ್ತು. ಈ ಶಾಲೆಗಳ ವಿಚಾರಣೆ ನಡೆಸಿದ ಸತ್ಯಶೋಧನಾ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಲೆಕ್ಕ ತೆಗೆದಾಗ, ದಾಖಲಾದ ಸಾವುಗಳಲ್ಲಿ ಮೂರರಲ್ಲೊಂದರ ಹತ್ತಿರ, ಅಂದರೆ ಶೇ. 32ರಷ್ಟಕ್ಕೆ, ಸತ್ತ ಮಗುವಿನ ಹೆಸರನ್ನೇ ಬರೆದಿರಲಿಲ್ಲ. ಹೆಣ ಊರಿಗೆ ಕಳಿಸಲು ಖರ್ಚೆಂದು ಶಾಲೆಯ ಮಗ್ಗುಲಲ್ಲೇ ಮಣ್ಣು ಮಾಡಿದ್ದೂ ಉಂಟು. ನಮ್ಮಲ್ಲಿ ಸಿಟ್ಟಿನ ಬಾಯಿಗಷ್ಟೇ ಬರುವ ಶಾಪವನ್ನು ಅಲ್ಲಿ ಗುಮಾಸ್ತರು ತಣ್ಣಗೆ ನಡೆಸಿಕೊಟ್ಟರು.

ಹಾಗಾಗಿ ಅಲ್ಲಿ ಸ್ಮರಣೆಯೆಂದರೆ ಮುಖ್ಯವಾಗಿ ಹೆಸರು ಹುಡುಕುವ ಕೆಲಸ. 2019ರ ಸೆಪ್ಟೆಂಬರ್ 30ರಂದು 50 ಮೀಟರ್ ಉದ್ದದ ಕೆಂಪು ಬಟ್ಟೆಯೊಂದನ್ನು ಬಿಡಿಸಿ ಹಿಡಿದರು, ಮೇಲೆ ಸತ್ತ 2,800 ಮಕ್ಕಳ ಹೆಸರು. ವಿನ್ನಿಪೆಗ್‌ನ ಸತ್ಯಶೋಧನಾ ಮತ್ತು ಸಾಮರಸ್ಯ ರಾಷ್ಟ್ರೀಯ ಕೇಂದ್ರದ ಪಟ್ಟಿ ಆಮೇಲೆ 4,100 ದಾಟಿತು. ಎಷ್ಟೋ ಸಲ ಇದು ಚರ್ಚಿನ ದಫ್ತರವನ್ನೂ ಅಜ್ಜಿಯರ ನೆನಪನ್ನೂ ತಾಳೆ ನೋಡುವ ನಿಧಾನದ ಕೆಲಸ. ಭಾಷಣಕ್ಕಿಂತ ನನಗೆ ಇದರ ಮೇಲೇ ಗೌರವ ಹೆಚ್ಚು.

ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಮರ್ರೆ ಸಿಂಕ್ಲೇರ್ ಅವರಿಗೇ ಇನ್ನೊಂದು ಹೆಸರಿತ್ತು, ಮಜಿನಾ ಗೀಜಿಕ್: ಬಾನಿನ ಚಿತ್ರಗಳ ಕುರಿತು ಮಾತಾಡುವವನು. ಆಯೋಗದ 94 ಶಿಫಾರಸುಗಳಲ್ಲಿ ಹದಿನೇಳನೆಯದು, ಶಾಲೆಗಳು ಬದಲಿಸಿದ ಹೆಸರನ್ನು ಐದು ವರ್ಷ ಶುಲ್ಕವಿಲ್ಲದೆ ಮರಳಿ ಪಡೆಯಲು ಬಿಡಿ ಎಂಬುದು. 2021ರ ಜೂನಿನಲ್ಲಿ ಸರ್ಕಾರ ಪಾಸ್‌ಪೋರ್ಟಿನಂಥ ಕಾಗದಗಳಿಗೆ ಇದನ್ನು ಒಪ್ಪಿತು. ಐದು ವರ್ಷ ಎಂದು ಕೇಳಿದ್ದು ಆಯೋಗವೇ, ನಿಜ. ಆದರೂ ಅರ್ಜಿಯಿಲ್ಲದೆ, ಅನುಮತಿಯಿಲ್ಲದೆ ಕಿತ್ತುಕೊಂಡ ಹೆಸರನ್ನು ಕಳೆದುಕೊಂಡವರಿಗೆ ಹಿಂದಿರುಗಿಸಲು ಗಡುವು ಇಡುವ ಹಕ್ಕು ಸರ್ಕಾರಕ್ಕೆ ಇರಲಿಲ್ಲ.